ತೊಟ್ಟು ಉಳಿದರೆ ಕುಂಬಳ ಉಳಿಯುತ್ತದೆ: ಕೊಯ್ಲು ಮತ್ತು ಶೇಖರಣೆ

ಕುಂಬಳದ ಬಳ್ಳಿಗೆ ಮಿತಿ ಎಂಬುದು ಗೊತ್ತಿಲ್ಲ. ಮೊದಮೊದಲು ಕಾಯಿ ಕಚ್ಚಲು ಸತಾಯಿಸುತ್ತದೆ. ಕಚ್ಚಿತೆಂದರೆ ಮನೆಮಂದಿಯೆಲ್ಲ ತಟ್ಟೆ ನೋಡಿ ಮುಖ ತಿರುಗಿಸುವಷ್ಟು ಕೊಡುತ್ತದೆ. ಅಷ್ಟನ್ನೂ ಒಮ್ಮೆಲೇ ತಿನ್ನಲಾಗದು, ಎಲ್ಲವನ್ನೂ ಹಂಚಲೂ ಆಗದು. ಹಾಗಾಗಿ ಇದನ್ನು ಬೆಳೆಯುವವರಿಗೆ ಬೆಳೆಯುವ ವಿದ್ಯೆಯ ಜೊತೆಗೆ ಇಟ್ಟುಕೊಳ್ಳುವ ವಿದ್ಯೆಯೂ ಬೇಕು. ಈ ವಿಷಯದಲ್ಲಿ ನನ್ನದು ಒಂದೇ ಹಟ, ಅದು ತೊಟ್ಟಿನದು. ಯಾರಾದರೂ ತಮ್ಮ ಕುಂಬಳ ತಿಂಗಳೊಳಗೆ ಕೊಳೆಯಿತೆಂದು ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ: ಕಾಯಿಯನ್ನು ಎತ್ತಿದ್ದು ಎಲ್ಲಿ ಹಿಡಿದು?

ಬಲಿತ ಕುಂಬಳದ ಸಿಪ್ಪೆ ಗಟ್ಟಿ ಗೋಡೆ, ಅದಕ್ಕಿರುವ ಬಾಗಿಲು ತೊಟ್ಟು. ತೊಟ್ಟು ಕಾಯಿಗೆ ಅಂಟಿಕೊಂಡೇ ಒಣಗಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಿತ್ತು ಬಂದರೆ ಅಲ್ಲಿ ಹಸಿ ಗಾಯ ಉಳಿಯುತ್ತದೆ, ಕೊಳೆಸುವ ಶಿಲೀಂಧ್ರಗಳು ಒಳಹೊಗಲು ಅಷ್ಟು ಸಾಕು. ಕೊಯ್ದ ಮೇಲೂ ಕುಂಬಳ ಜೀವಂತವಾಗಿಯೇ ಇರುತ್ತದೆ. ಉಸಿರಾಡುತ್ತದೆ, ನಿಧಾನವಾಗಿ ನೀರು ಕಳೆದುಕೊಳ್ಳುತ್ತದೆ, ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಆ ಉಸಿರನ್ನು ನಿಧಾನಗೊಳಿಸುವುದು, ಗೋಡೆಯಲ್ಲಿ ಬಿರುಕು ಬೀಳದಂತೆ ನೋಡಿಕೊಳ್ಳುವುದು, ನಮ್ಮ ಕೆಲಸ ಇಷ್ಟೇ.

ಬಲಿತಿದೆಯೇ ಎಂದು ನೋಡುವುದು

ಬಣ್ಣವನ್ನು ನಂಬಿ ಕೊಯ್ಯಬೇಡಿ. ಕೆಲವು ತಳಿಗಳು ಬಲಿಯುವ ಮುನ್ನವೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಕೆಲವು ಪೂರ್ತಿ ಬಲಿತರೂ ಕಡುಹಸಿರಾಗಿಯೇ ಉಳಿಯುತ್ತವೆ. ನಿಮ್ಮ ತಳಿಯ ಬಲಿತ ಬಣ್ಣ ಯಾವುದೆಂದು ತಿಳಿದಿದ್ದರೆ ಅದು ಒಂದು ಸಾಕ್ಷಿ, ಅಷ್ಟೇ. ಬೇರೆ ಸಾಕ್ಷಿಗಳೂ ಅದರೊಂದಿಗೆ ಸೇರಬೇಕು.

ನಾನು ಮೊದಲು ನೋಡುವುದು ಹೊಳಪನ್ನು. ಬೆಳೆಯುತ್ತಿರುವ ಕಾಯಿ ಎಣ್ಣೆ ಸವರಿದ ಹಾಗೆ ಮಿರಮಿರ ಮಿನುಗುತ್ತದೆ. ಬಲಿಯುತ್ತ ಬಂದಾಗ ಆ ಮಿನುಗು ಹೋಗಿ ಮೈ ಮಂಕಾಗುತ್ತದೆ. ಆಮೇಲೆ ತೊಟ್ಟು. ಹಸಿರಾಗಿ, ರಸ ತುಂಬಿ ದುಂಡಗಿದ್ದ ತೊಟ್ಟು ಒಣಗಿ ಮರದ ಬಣ್ಣಕ್ಕೆ ತಿರುಗತೊಡಗುತ್ತದೆ. ಎಲ್ಲ ಕುಂಬಳಕ್ಕೂ ತೊಟ್ಟು ಒಂದೇ ರೀತಿ ಇರುವುದಿಲ್ಲ ಎಂಬುದು ಇಲ್ಲಿ ಉಪಯೋಗಕ್ಕೆ ಬರುವ ವಿಷಯ. ನಾವು ಕುಂಬಳ ಎನ್ನುವುದರಲ್ಲಿ ಮುಖ್ಯವಾಗಿ ಮೂರು ಪ್ರಭೇದಗಳಿವೆ. ಕುಕುರ್ಬಿಟಾ ಮ್ಯಾಕ್ಸಿಮಾದ ತೊಟ್ಟು ದಪ್ಪ, ದುಂಡು, ಮೆತುವು. ಬಲಿತಾಗ ಅದರ ಮೇಲೆ ಬೆಂಡಿನಂಥ ಬಿಳಿಚು ಗೆರೆಗಳು ಮೂಡಿ ಬಿರುಕು ಬಿಡುತ್ತವೆ. ಕುಕುರ್ಬಿಟಾ ಮಾಸ್ಕಾಟಾದ್ದು ಗಟ್ಟಿ, ಐದು ಮೂಲೆಯದು, ಕಾಯಿಗೆ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಕುಕುರ್ಬಿಟಾ ಪೀಪೋದ್ದೂ ಗಟ್ಟಿ ಮೂಲೆಗಳುಳ್ಳದ್ದೇ, ಆದರೆ ಬುಡದಲ್ಲಿ ಅಷ್ಟಾಗಿ ಹರಡುವುದಿಲ್ಲ. ಬೀಜದ ಪೊಟ್ಟಣ ಕಳೆದುಹೋಗಿ ಯಾವ ಜಾತಿಯೆಂದೇ ತಿಳಿಯದ ಬಳ್ಳಿಯಲ್ಲಿ ತೊಟ್ಟು ನೋಡಿಯೇ ಗುರುತು ಹಿಡಿಯಬಹುದು. ಎಷ್ಟು ತಿಂಗಳು ಇಡಬಹುದೆಂಬುದೂ ಈ ಗುರುತಿನ ಮೇಲೆಯೇ ನಿಂತಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರನ್ನು ಸಿಪ್ಪೆಗೆ ಒತ್ತಿ. ಉಗುರು ಇಳಿಯದಿದ್ದರೆ ಬಲಿತಿದೆ. ಇಳಿದು ರಸ ಒಸರಿದರೆ ಇನ್ನೂ ಎಳೆಯದು. ಇದನ್ನು ಉಳಿದ ಲಕ್ಷಣಗಳೆಲ್ಲ ಕಂಡ ಮೇಲೆ ಮಾತ್ರ, ಒಮ್ಮೆ ಮಾಡಬೇಕು. ದಿನವೂ ಬಂದು ಉಗುರೂರಿ ಹೋಗುವವರಿದ್ದಾರೆ. ಎಳೆಗಾಯಿಯ ಮೇಲೆ ಅವರು ಬಿಟ್ಟುಹೋಗುವ ಒಂದೊಂದು ಗುರುತೂ ಒಂದೊಂದು ಗಾಯ.

ನೆಲಕ್ಕೆ ತಾಗಿದ ಭಾಗ ಬಿಳಿಚಿನಿಂದ ಹಳದಿಗೆ ತಿರುಗುವುದು, ತೊಟ್ಟಿನ ಹತ್ತಿರದ ಸುರುಳಿಕುಡಿ ಕಂದಾಗಿ ಒಣಗುವುದು, ಇವೂ ಒಳ್ಳೆಯ ಸುಳಿವುಗಳೇ. ತಟ್ಟಿ ಸದ್ದು ಕೇಳುವ ವಿಧಾನದ ಮೇಲೆ ಮಾತ್ರ ನನಗೆ ನಂಬಿಕೆಯಿಲ್ಲ. ಒಳಗಿನ ಟೊಳ್ಳು ಎಷ್ಟು ದೊಡ್ಡದು, ತಿರುಳು ಎಷ್ಟು ದಪ್ಪ ಎಂಬುದರ ಮೇಲೆ ಸದ್ದು ಬದಲಾಗುತ್ತದೆ. ಒಂದೇ ತಳಿಯನ್ನು ವರ್ಷಗಟ್ಟಲೆ ಬೆಳೆದವರ ಕಿವಿಗೆ ಅದು ಏನಾದರೂ ಹೇಳೀತು.

ಇವೆಲ್ಲಕ್ಕಿಂತ ನೆಚ್ಚಬಹುದಾದದ್ದು ದಿನಾಂಕ. ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಇರುತ್ತದೆ. ಹೂವು ಮುಂಜಾನೆ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಪರಾಗ ಸೇರಿದ್ದರೆ ಹೀಚು ಕೆಲವೇ ದಿನಗಳಲ್ಲಿ ಊದತೊಡಗುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ. ಊದಲು ಶುರುವಾದ ಕಾಯಿಯ ಪಕ್ಕದ ಬಳ್ಳಿಗೆ ಹೂವರಳಿದ ದಿನಾಂಕ ಬರೆದ ಚೀಟಿಯೊಂದನ್ನು ಸಡಿಲವಾಗಿ ಕಟ್ಟಿಬಿಡಿ. ಅಲ್ಲಿಂದ ಲೆಕ್ಕ ಹಾಕಿದರೆ ಹೆಚ್ಚಿನ ತಳಿಗಳು ಪೂರ್ತಿ ಬಲಿಯಲು 45ರಿಂದ 60 ದಿನ ಬೇಕು. ಬಿತ್ತನೆಯಿಂದ ಎಣಿಸಿದರೆ ಸುಮಾರು 90ರಿಂದ 120 ದಿನ. ಒಂದೇ ಬಳ್ಳಿಯ ಕಾಯಿಗಳು ಬೇರೆ ಬೇರೆ ದಿನ ಹುಟ್ಟಿದವು, ಹಾಗಾಗಿ ಎಲ್ಲವನ್ನೂ ಒಂದೇ ದಿನ ಕೊಯ್ಯುವ ಆತುರ ಬೇಡ. ಬೇಗ ಕೊಯ್ದ ಕಾಯಿ ಮನೆಯೊಳಗೆ ಬಣ್ಣ ಕಟ್ಟಬಹುದು, ಆದರೆ ರುಚಿ ಕಟ್ಟುವುದಿಲ್ಲ. ಮುಂದೆ ಸಕ್ಕರೆಯಾಗಬೇಕಾದ ಪಿಷ್ಟ ಬಳ್ಳಿಯಿಂದಲೇ ಬರಬೇಕು.

ಕೊಯ್ಯುವ ಮೊದಲಿನ ಎರಡು ವಾರ

ಕಾಯಿ ಗಾತ್ರಕ್ಕೆ ಬಂದ ಮೇಲೆ ಅದರ ಕೆಳಗೆ ಒಂದು ಹಲಗೆಯನ್ನೋ ಹೆಂಚಿನ ತುಂಡನ್ನೋ ದಪ್ಪ ಒಣಹುಲ್ಲನ್ನೋ ಸೇರಿಸಿ. ಒದ್ದೆ ಮಣ್ಣಿನ ಮೇಲೆ ಕೂತ ಕಾಯಿಗೆ ಅಡಿಯಿಂದ ಕೊಳೆ ಹತ್ತುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸೇರಿಸುವಾಗ ಕಾಯಿಯನ್ನು ತಿರುಗಿಸಬೇಡಿ, ಸ್ವಲ್ಪವೇ ಮೇಲೆತ್ತಿ. ಹಸಿ ತೊಟ್ಟು ತಿರುಚಿದರೆ ಬುಡದಲ್ಲಿ ಸೀಳುತ್ತದೆ.

ಕೊನೆಯ ಒಂದೆರಡು ವಾರ ನೀರು ಕಡಿಮೆ ಮಾಡಿ. ಎಲೆಗಳಿಗೆ ಬೂದಿರೋಗ ಬಂದು ಬಳ್ಳಿ ಬೇಗ ಬರಿದಾದರೆ ಅಲ್ಲಿಯವರೆಗೆ ನೆರಳಿನಲ್ಲಿದ್ದ ಕಾಯಿಗಳು ಏಕಾಏಕಿ ಸುಡುಬಿಸಿಲಿಗೆ ಬೀಳುತ್ತವೆ. ಬಿಸಿಲು ಬಡಿದ ಕಡೆ ಸಿಪ್ಪೆ ಬಿಳಿಚಿ ಮೆತ್ತಗಾಗುತ್ತದೆ. ಅಂಥ ಕಾಯಿ ಹೆಚ್ಚು ದಿನ ಬಾಳುವುದಿಲ್ಲ, ಆದ್ದರಿಂದ ಮೇಲೆ ಒಣಹುಲ್ಲು ಹರಡಿ. ಬಳ್ಳಿ ಪೂರ್ತಿ ಸತ್ತಿದ್ದರೆ ಕಾಯಲು ಏನೂ ಉಳಿದಿಲ್ಲ, ಕೊಯ್ದುಬಿಡಿ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯತೊಡಗಿದರೂ ಹಾಗೆಯೇ. ಒಂದೆರಡು ರಾತ್ರಿಯ ಚಳಿಗೆ ಏನೂ ಆಗಿಲ್ಲವೆನಿಸುತ್ತದೆ, ಆದರೆ ಚಳಿಯ ಪೆಟ್ಟು ಸಿಪ್ಪೆಯೊಳಗೆ ಕೂಡುತ್ತಾ ಹೋಗುತ್ತದೆ. ವಾರಗಳ ನಂತರ ತಗ್ಗುತಗ್ಗಾದ ಕಲೆಗಳಾಗಿ, ಆಮೇಲೆ ಕೊಳೆಯಾಗಿ ಹೊರಬೀಳುತ್ತದೆ.

ಕೊಯ್ಯುವುದು

ಇಬ್ಬನಿ ಆರಿದ ಮೇಲೆ, ಒಣ ದಿನದಲ್ಲಿ ಕೊಯ್ಯಿರಿ. ಮಳೆಯ ಲಕ್ಷಣವಿದ್ದರೆ ಬಲಿತ ಕಾಯಿಗಳನ್ನು ಮಳೆಗೆ ಮುಂಚೆಯೇ ಒಳಗೆ ತನ್ನಿ. ಕೈಯಲ್ಲಿ ತಿರುಚಿ ಕೀಳುವುದು, ಎಳೆಯುವುದು ಎರಡೂ ಸಲ್ಲದು. ಹರಿತವಾದ ಗಿಡಗತ್ತರಿಯಿಂದ ಕಾಯಿಗೆ 5ರಿಂದ 10 ಸೆಂಟಿಮೀಟರ್ ತೊಟ್ಟು ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಿ. ಮ್ಯಾಕ್ಸಿಮಾದ ದಪ್ಪ ತೊಟ್ಟಿನ ಕಾಯಿಗಳಲ್ಲಿ ನಾನು ತೊಟ್ಟನ್ನು ಮುಟ್ಟುವುದೇ ಇಲ್ಲ. ಅದು ಬಳ್ಳಿಗೆ ಸೇರುವಲ್ಲಿ ಎರಡೂ ಪಕ್ಕ ಬಳ್ಳಿಯನ್ನೇ ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ. ಬಳ್ಳಿಯ ತುಂಡು ಒಣಗುವಷ್ಟರಲ್ಲಿ ತೊಟ್ಟೂ ಒಣಗಿರುತ್ತದೆ. ರೋಗ ಬಂದ ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಕೈಗೆ ಗವಸು ಇರಲಿ, ಬಳ್ಳಿಯ ಮೈತುಂಬ ಚುಚ್ಚುವ ರೋಮಗಳಿರುತ್ತವೆ.

ಎತ್ತುವುದು ಎರಡೂ ಕೈಗಳಿಂದ, ಅಡಿಗೆ ಅಂಗೈ ಕೊಟ್ಟು. ತೊಟ್ಟು ನೋಡಲು ಹಿಡಿಕೆಯಂತಿದೆ, ಹಿಡಿಯಲು ಕೈ ತಾನಾಗಿ ಹೋಗುತ್ತದೆ. ಮಕ್ಕಳಿದ್ದರೆ ಅವರಿಗೆ ಮೊದಲೇ ಹೇಳಿಬಿಡಿ. ಕಾಯಿಗಳನ್ನು ಗೋಣಿಚೀಲಕ್ಕೆ ತುಂಬುವುದು, ರಾಶಿ ಹಾಕುವುದು ಬೇಡ. ಒಂದರ ತೊಟ್ಟಿನ ಮೂಲೆ ಇನ್ನೊಂದರ ಸಿಪ್ಪೆಯನ್ನು ಗೀರುತ್ತದೆ. ಎತ್ತರದಿಂದ ಕೆಳಗೆ ಬಿದ್ದ ಕಾಯಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜಜ್ಜಿರುತ್ತದೆ. ಅದನ್ನು ಮೊದಲು ತಿನ್ನುವ ಗುಂಪಿಗೆ ಸೇರಿಸಿ.

ಆ ಗುಂಪು ಬಹಳ ಮುಖ್ಯ. ಕೊಯ್ದ ದಿನವೇ ಕಾಯಿಗಳನ್ನು ಬೇರೆ ಮಾಡುತ್ತೇನೆ. ತೊಟ್ಟು ಮುರಿದದ್ದು, ಗೀರು ಬಿದ್ದದ್ದು, ಬಿಸಿಲು ಬಡಿದದ್ದು, ಉಗುರು ಇಳಿದದ್ದು ಎಲ್ಲವೂ ಅಡುಗೆಮನೆಯ ಹತ್ತಿರಕ್ಕೆ. ತೊಟ್ಟು ಮುರಿದ ಜಾಗಕ್ಕೆ ಮೇಣ ಬಳಿಯುವವರಿದ್ದಾರೆ. ಹಸಿ ಗಾಯದ ತೇವವನ್ನು ಒಳಗೇ ಕೂಡಿಹಾಕುವುದು ನನಗೆ ಒಪ್ಪಿಗೆಯಿಲ್ಲ, ಆ ಕಾಯಿಯನ್ನು ಸಾರಿಗೆ ಹಾಕುವುದೇ ಸುಲಭ. ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಅಂಟಿನ ಹನಿ ಕಂಡರೆ ಹಣ್ಣುನೊಣ ಮೊಟ್ಟೆಯಿಟ್ಟಿರುವ ಸಾಧ್ಯತೆ ಇದೆ. ಹೆಚ್ಚು ಹಾನಿಯಾಗಿದ್ದರೆ ಗೊಬ್ಬರದ ಗುಂಡಿಗೆ ಎಸೆಯಬೇಡಿ, ಹುಳುಗಳು ಅಲ್ಲಿ ಕೋಶಕಟ್ಟಿ ಮತ್ತೆ ನೊಣವಾಗಿ ಬರುತ್ತವೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ದಿನ ಬಿಸಿಲಿಗಿಟ್ಟು ಆಮೇಲೆ ವಿಲೇವಾರಿ ಮಾಡಿ.

ಹದಗೊಳಿಸುವುದು

ಇಡಲು ಆರಿಸಿಕೊಂಡ ಕಾಯಿಗಳನ್ನು ನೇರವಾಗಿ ಕೋಣೆಗೆ ಸೇರಿಸದೆ ಸುಮಾರು ಹತ್ತು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಹದಕ್ಕೆ ಬಿಡಬೇಕು. ಆದರ್ಶವೆಂದರೆ 27ರಿಂದ 29 ಡಿಗ್ರಿ ಶಾಖ, 80ರಿಂದ 85 ಶೇಕಡಾ ತೇವಾಂಶ. ಈ ಅವಧಿಯಲ್ಲಿ ಸಿಪ್ಪೆ ಇನ್ನಷ್ಟು ಗಡುಸಾಗುತ್ತದೆ, ಸಣ್ಣ ಗೀರುಗಳ ಮೇಲೆ ಬೆಂಡಿನ ಪದರ ಕಟ್ಟಿಕೊಳ್ಳುತ್ತದೆ, ತೊಟ್ಟು ಒಣಗುತ್ತದೆ. ಬೆಚ್ಚಗಿನ ಹವೆಯಲ್ಲಿ ಜಗಲಿಯ ನೆರಳೇ ಸಾಕು. ಹೊರಗೆ ಚಳಿಯಿದ್ದರೆ ಮನೆಯ ಅತಿ ಬೆಚ್ಚಗಿನ ಕೋಣೆ, ಜಡಿಮಳೆಯಿದ್ದರೆ ಒಳಗೆ ಫ್ಯಾನಿನ ಗಾಳಿ. ಅಂಗಳದ ಉರಿಬಿಸಿಲಿಗೆ ಹಾಕಿ ಒಣಗಿಸುವುದು ಬೇರೆಯೇ ವಿಷಯ, ಅದು ಸಿಪ್ಪೆಯನ್ನು ಬೇಯಿಸುತ್ತದೆ. ಕಾಯಿಗಳ ನಡುವೆ ಅಂತರ ಬಿಟ್ಟು, ನಡುವೆ ಒಮ್ಮೆ ಮಗ್ಗಲು ಬದಲಿಸಿ.

ಒಂದು ವಿನಾಯಿತಿ ಇದೆ. ಏಕಾರ್ನ್ ಎಂದು ಕರೆಯುವ, ಮುಷ್ಟಿಗಿಂತ ತುಸು ದೊಡ್ಡದಾದ, ಆಳವಾದ ಏಣುಗಳಿರುವ ಪೀಪೋ ಜಾತಿಯ ಕಾಯಿಗಳಿಗೆ ಈ ಶಾಖದಿಂದ ಲಾಭವಿಲ್ಲ, ನಷ್ಟವೇ. ಅವನ್ನು ನೇರವಾಗಿ ತಂಪಿಗೆ ಕೊಂಡೊಯ್ಯಿರಿ.

ಮಣ್ಣು ಒಣಗಿದ್ದರೆ ಬಟ್ಟೆಯಿಂದ ಒರೆಸಿದರಾಯಿತು. ತೊಟ್ಟಿನ ಸುತ್ತಲ ತಗ್ಗಿಗೆ ನಾನು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದೇನೆ. ಕೆಸರು ಅಂಟಿದ್ದು ಬಿಡದಿದ್ದರೆ ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಹಾಗೆ ಒರೆಸಿದ ಕಾಯಿಯನ್ನು ಅಡುಗೆಗೆ ಹೆಚ್ಚುವ ಮೊದಲು ತೊಳೆದುಕೊಳ್ಳಿ. ನಲ್ಲಿಯ ಕೆಳಗೆ ಹಿಡಿದು ತೊಳೆದ ಕಾಯಿಯನ್ನು ಒದ್ದೆಯಾಗಿಯೇ ಒಳಗಿಡುವುದಕ್ಕಿಂತ ಮಣ್ಣಿನ ಸಮೇತ ಇಡುವುದು ಮೇಲು.

ಬೂದುಗುಂಬಳದ ಮೈಯನ್ನಂತೂ ಒರೆಸಲೇಬೇಡಿ. ಅದು ಈ ಮೂರು ಪ್ರಭೇದಗಳ ಕುಲವೇ ಅಲ್ಲ, ಬೆನಿನ್‌ಕಾಸಾ ಹಿಸ್ಪಿಡಾ ಎಂಬ ಬೇರೆ ಗಿಡ. ಎಳೆಯದರಲ್ಲಿ ಮೈತುಂಬ ರೋಮ, ಬಲಿತಂತೆ ರೋಮ ಹೋಗಿ ಬಿಳಿಯ ಮೇಣದ ಪುಡಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಕಳ್ಳ ಬಲಿತ ಕಾಯಿಯನ್ನೇ ಆರಿಸಿ ಕದ್ದಿದ್ದಾನೆ, ಎಳೆಯದಾಗಿದ್ದರೆ ಹೆಗಲಿಗೆ ಏನೂ ಹತ್ತುತ್ತಿರಲಿಲ್ಲ. ಆ ಪುಡಿ ನೀರಿನಂಶ ಆರದಂತೆ ಕಾಯಿಯನ್ನು ಕಾಪಾಡುತ್ತದೆ. ಚೆನ್ನಾಗಿ ಬಲಿತ, ಪೆಟ್ಟಾಗದ ಬೂದುಗುಂಬಳ ಒಣ ಜಾಗದಲ್ಲಿ ಹಲವು ತಿಂಗಳು ಇರುತ್ತದೆ.

ಎಲ್ಲಿ ಇಡಬೇಕು

ಪುಸ್ತಕದ ಉತ್ತರ: 10ರಿಂದ 13 ಡಿಗ್ರಿ ಉಷ್ಣಾಂಶ, 50ರಿಂದ 70 ಶೇಕಡಾ ತೇವಾಂಶ, ಮಂದ ಬೆಳಕು, ಗಾಳಿಯ ಓಡಾಟ. ಇಂಥ ಕೋಣೆ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಇಲ್ಲವೆಂದು ಕೈಚೆಲ್ಲಬೇಕಿಲ್ಲ, ಇರುವುದರಲ್ಲಿ ತಂಪಾದ, ಒಣಗಿದ ಮೂಲೆಯನ್ನು ಹುಡುಕಬೇಕು. ಉಷ್ಣಾಂಶ ಹೆಚ್ಚಿದ್ದಷ್ಟೂ ಕಾಯಿ ಬೇಗ ಉಸಿರಾಡಿ, ತೂಕ ಕಳೆದುಕೊಂಡು, ತಿರುಳು ನಾರುನಾರಾಗುತ್ತದೆ. ಆಯುಸ್ಸು ಕಡಿಮೆಯಾಗುತ್ತದೆಯೇ ಹೊರತು ಒಂದೇ ವಾರದಲ್ಲಿ ಹಾಳಾಗುವುದಿಲ್ಲ. ಊಹೆಗಿಂತ ಅಳತೆ ಒಳ್ಳೆಯದು. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮಾಪಕವನ್ನು ಎರಡು ಮೂರು ಜಾಗಗಳಲ್ಲಿ ಒಂದೊಂದು ಹಗಲು ರಾತ್ರಿ ಇಟ್ಟು ನೋಡಿ. ಅಟ್ಟ ಒಳ್ಳೆಯ ಜಾಗವೆಂಬ ನಂಬಿಕೆ ಹಲವರಿಗಿದೆ. ತಗಡಿನ ಮಾಡಿನ ಕೆಳಗಿನ ಅಟ್ಟ ಮಧ್ಯಾಹ್ನ ಕಾದ ಒಲೆ. ಅಡುಗೆಮನೆಯಲ್ಲಿ ಹಬೆ, ಸ್ನಾನದ ಮನೆಯ ಗೋಡೆಯ ಪಕ್ಕ ತೇವ. ನಡುಮನೆಯ ಮಂಚದ ಅಡಿ ಇವೆಲ್ಲಕ್ಕಿಂತ ವಾಸಿ.

ರೆಫ್ರಿಜರೇಟರಿನಲ್ಲಿ ಇಡೀ ಕಾಯಿಯನ್ನು ದಿನಗಟ್ಟಲೆ ಇಡಬೇಡಿ. ಅಲ್ಲಿನ 4 ಡಿಗ್ರಿ ಚಳಿ ಬಳ್ಳಿಯಲ್ಲಿ ತಾಗುವ ಚಳಿಯಷ್ಟೇ ಕೆಟ್ಟದ್ದು.

ಸಿಮೆಂಟು ನೆಲದ ಮೇಲೆ ನೇರವಾಗಿ ಇಟ್ಟರೆ ಅಡಿಯಲ್ಲಿ ತೇವ ಹಿಡಿಯುತ್ತದೆ. ನಾನು ಬಳಸುವುದು ಹಳೆಯ ಪಟ್ಟಿಮಂಚ: ಪಟ್ಟಿಗಳ ನಡುವೆ ಸಂದು ಇರುವುದರಿಂದ ಗಾಳಿ ಕೆಳಗಿನಿಂದಲೂ ಸುಳಿಯುತ್ತದೆ. ಒಂದೇ ಪದರ, ಒಂದಕ್ಕೊಂದು ತಾಗದಂತೆ ಎರಡು ಬೆರಳಿನ ಅಂತರ. ಪ್ಲಾಸ್ಟಿಕ್ ಹೊದಿಕೆ, ಮುಚ್ಚಿದ ರಟ್ಟಿನ ಪೆಟ್ಟಿಗೆ ಬೇಡ. ಜಾಗ ಸಾಲದಿದ್ದರೆ ಹಗ್ಗದ ನೆಲುವಿನಲ್ಲಿ ಒಂದೊಂದೇ ಕಾಯಿಯನ್ನು ತೂಗಿಹಾಕಬಹುದು. ಗಾಳಿಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಬೀಜದ ಆಸೆಗೆ ಸಿಪ್ಪೆ ಕೊರೆಯುವ ಇಲಿಗೂ ಅದು ಕಷ್ಟದ ದಾರಿ. ಭಾರದ ಕಾಯಿಯಾದರೆ ದಾರ ಸಿಪ್ಪೆಗೆ ಕೊರೆಯದಂತೆ ಅಡಿಗೆ ಬಟ್ಟೆ ಹಾಸಿ.

ಸೇಬು, ಬಾಳೆ, ಮಾವು ಹಣ್ಣಾಗಲು ಇಟ್ಟಿರುವ ಕೋಣೆಯಿಂದ ಕುಂಬಳವನ್ನು ದೂರವಿಡಿ. ಅವು ಬಿಡುವ ಎಥಿಲೀನ್ ಅನಿಲ ಹಸಿರು ಸಿಪ್ಪೆಯನ್ನು ಹಳದಿಗೆ ತಿರುಗಿಸುತ್ತದೆ, ತೊಟ್ಟು ಕಳಚಿಕೊಳ್ಳುವಂತೆಯೂ ಮಾಡಬಲ್ಲದು.

ಎಷ್ಟು ದಿನ? ತಂಪಾದ ಜಾಗ ಸಿಕ್ಕಿದೆ ಎಂದುಕೊಂಡು ಹೇಳುವುದಾದರೆ ಏಕಾರ್ನ್ 5ರಿಂದ 8 ವಾರ. ಕಿತ್ತಳೆ ಬಣ್ಣದ ಸಾಧಾರಣ ಪೀಪೋ ಕುಂಬಳ ಎರಡು ಮೂರು ತಿಂಗಳು. ಬಟರ್‌ನಟ್‌ನಂಥ ಮಾಸ್ಕಾಟಾ ಮೂರು ತಿಂಗಳು ಧಾರಾಳವಾಗಿ, ಅನುಕೂಲ ಕೂಡಿಬಂದರೆ ಆರರವರೆಗೆ. ಹಬಾರ್ಡ್‌ನಂಥ ದಪ್ಪ ಸಿಪ್ಪೆಯ ಮ್ಯಾಕ್ಸಿಮಾ ಐದಾರು ತಿಂಗಳು. ಪ್ರತಿ ಕಾಯಿಗೂ ಕಾಗದದ ಟೇಪು ಅಂಟಿಸಿ ಕೊಯ್ದ ದಿನಾಂಕ, ತಳಿ ಬರೆದಿಡುತ್ತೇನೆ. ಮೊದಲು ತಿನ್ನಬೇಕಾದದ್ದು ಪೀಪೋ, ಕೊನೆಗೆ ಮ್ಯಾಕ್ಸಿಮಾ.

ರುಚಿಯ ದೃಷ್ಟಿಯಿಂದಲೂ ಈ ಕ್ರಮ ಸರಿಯೇ. ಕೊಯ್ದ ದಿನದ ಮ್ಯಾಕ್ಸಿಮಾ ಹಿಟ್ಟುಹಿಟ್ಟಾಗಿ, ಸಪ್ಪೆಯಾಗಿರುತ್ತದೆ. ಕೆಲವು ವಾರ ಕಳೆದರೆ ಪಿಷ್ಟ ಕರಗಿ ಸಿಹಿ ಬರುತ್ತದೆ. ಬಹಳ ಕಾಲ ಬಿಟ್ಟರೆ ಆ ಸಿಹಿಯೂ ಉಸಿರಾಟದಲ್ಲಿ ಖರ್ಚಾಗಿ ತಿರುಳು ನೀರುನೀರಾಗುತ್ತದೆ. ಗರಿಷ್ಠ ಎಷ್ಟು ತಿಂಗಳು ಇಡಬಹುದೆಂಬ ಪಂದ್ಯಕ್ಕೆ ನಿಂತವರು ಈ ನಡುವಿನ ಕಾಲವನ್ನು ತಪ್ಪಿಸಿಕೊಳ್ಳುತ್ತಾರೆ.

ವಾರಕ್ಕೊಮ್ಮೆ ತಪಾಸಣೆ

ಪ್ರತಿ ಕಾಯಿಯನ್ನೂ ಎತ್ತಿ, ಅಡಿಯನ್ನು ನೋಡಿ, ತೊಟ್ಟಿನ ಬುಡವನ್ನೂ ಹೂವು ಉದುರಿದ ತುದಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಕೊಳೆ ಹೆಚ್ಚಾಗಿ ಈ ಎರಡು ಕಡೆಗಳಿಂದ ಶುರುವಾಗುತ್ತದೆ. ತೊಟ್ಟಿನ ಮೇಲೆ ಮಾತ್ರ ತೆಳುವಾಗಿ ಬೂಷ್ಟು ಕಂಡರೆ ಒಣಬಟ್ಟೆಯಿಂದ ಒರೆಸಿ, ಗಾಳಿ ಹೆಚ್ಚಿರುವ ಕಡೆಗೆ ಸರಿಸಿ, ಬೇಗ ಬಳಸಿ. ಬೆರಳು ತಗ್ಗಿದರೆ ಆ ದಿನವೇ ಹೆಚ್ಚಿ. ಕಲೆ ಚಿಕ್ಕದಿದ್ದು ಒಳಗೆ ತಿರುಳು ಗಟ್ಟಿಯಾಗಿ, ವಾಸನೆಯಿಲ್ಲದೆ ಇದ್ದರೆ ಕಲೆಯ ಸುತ್ತ ಕನಿಷ್ಠ ಎರಡೂವರೆ ಸೆಂಟಿಮೀಟರ್ ಕತ್ತರಿಸಿ ತೆಗೆದು ಉಳಿದದ್ದನ್ನು ಬೇಯಿಸಬಹುದು. ಬೀಜದ ಸುತ್ತಲ ನಾರು ಲೋಳೆಯಾಗಿದ್ದರೆ, ಹುಳಿವಾಸನೆ ಬಂದರೆ ಇಡೀ ಕಾಯಿಯನ್ನು ಎಸೆಯಿರಿ. ಕೊಳೆತದ್ದು ಇದ್ದ ಜಾಗವನ್ನು ಒರೆಸಿ ಒಣಗಿಸಿದ ಮೇಲೆಯೇ ಬೇರೆಯದನ್ನು ಅಲ್ಲಿಗೆ ತನ್ನಿ.

ಹೆಚ್ಚಿದ ಮೇಲೆ

ಬೇಯಿಸುವ ಮೊದಲು ಹಸಿ ತಿರುಳಿನ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಅದರಲ್ಲೂ ಬೀಜ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಬಳ್ಳಿಯದಾದರೆ. ಕಹಿಯಿದ್ದರೆ ಉಗಿದು, ಕಾಯಿಯನ್ನು ಪೂರ್ತಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ಉಪ್ಪು ಬೆಲ್ಲಕ್ಕೂ ಜಗ್ಗುವುದಿಲ್ಲ. ವಾಂತಿ, ಭೇದಿ ತರುತ್ತದೆ. ದಂಡವಾಗುತ್ತದೆಂದು ತಿನ್ನುವ ಪದಾರ್ಥ ಇದಲ್ಲ.

ಕತ್ತರಿಸಿದ ಕುಂಬಳ ಬೀಜ ಮತ್ತು ನಾರಿನ ಕಡೆಯಿಂದ ಮೊದಲು ಕೆಡುತ್ತದೆ. ಅದನ್ನೆಲ್ಲ ಚಮಚದಿಂದ ಕೆರೆದು, ಹೋಳನ್ನು ಮುಚ್ಚಿ ರೆಫ್ರಿಜರೇಟರಿನಲ್ಲಿಟ್ಟರೆ ಮೂರರಿಂದ ಐದು ದಿನ. ಇನ್ನೂ ಮುಂದಕ್ಕೆ ಬೇಕಾದರೆ ಬೇಯಿಸಿ ಅರೆದು, ಆರಿದ ಮೇಲೆ ಒಂದು ಅಡುಗೆಗೆ ಬೇಕಾದಷ್ಟರ ಪೊಟ್ಟಣಗಳಾಗಿ ಫ್ರೀಜರಿಗೆ ಹಾಕಿ. ಅರೆದ ಕುಂಬಳವನ್ನು ಗಾಜಿನ ಬಾಟಲಿಗಳಲ್ಲಿ ಕುದಿಸಿ ಮುಚ್ಚಳ ಬಿಗಿದು ಹೊರಗಿಡುವುದು ಅಪಾಯಕಾರಿ. ಕುಂಬಳದಲ್ಲಿ ಆಮ್ಲೀಯತೆ ಕಡಿಮೆ, ದಪ್ಪನೆಯ ಅರೆತದ ನಡುವಿಗೆ ಶಾಖ ಸರಿಯಾಗಿ ತಲುಪುವುದಿಲ್ಲ, ಬಾಟುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಅದು ಹೇಳಿಮಾಡಿಸಿದ ಜಾಗ.

ಬೀಜ ಇಟ್ಟುಕೊಳ್ಳುವವರು ಕೊಯ್ದ ತಕ್ಷಣ ಒಡೆಯದೆ ಕಾಯಿಯನ್ನು ಕೆಲವು ವಾರ ಹಾಗೆಯೇ ಬಿಡಿ, ಬೀಜ ಒಳಗೆ ಇನ್ನಷ್ಟು ತುಂಬಿಕೊಳ್ಳುತ್ತದೆ. ಆಮೇಲೆ ನಾರಿನಿಂದ ಬಿಡಿಸಿ ತೊಳೆದು, ತಟ್ಟೆಯಲ್ಲಿ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ. ಬಗ್ಗಿಸಿದರೆ ಟಕ್ಕನೆ ಮುರಿಯಬೇಕು, ಬಳುಕಿದರೆ ಇನ್ನೂ ತೇವವಿದೆ ಎಂದರ್ಥ. ಒಂದೇ ಪ್ರಭೇದದ ಎರಡು ತಳಿಗಳು ಅಕ್ಕಪಕ್ಕ ಇದ್ದರೆ ದುಂಬಿಗಳು ಅವನ್ನು ಬೆರೆಸಿರುತ್ತವೆ. ಈ ವರ್ಷದ ಕಾಯಿಯ ತಿರುಳಿಗೆ ಅದರಿಂದ ಏನೂ ಆಗುವುದಿಲ್ಲ, ಮುಂದಿನ ಬಳ್ಳಿ ಮಾತ್ರ ಬೇರೆಯೇ ಕಾಯಿ ಬಿಡಬಹುದು. ಅಲಂಕಾರಕ್ಕೆಂದು ಬೆಳೆಯುವ ಕಹಿ ಪೀಪೋ ಬುರುಡೆಗಳು ಹತ್ತಿರದಲ್ಲಿದ್ದರೆ ಪೀಪೋ ಬೀಜ ಇಟ್ಟುಕೊಳ್ಳಲೇಬೇಡಿ. ಉಳಿದ ಬೀಜವನ್ನು ತಳಿ, ವರ್ಷ ಬರೆದ ಲಕೋಟೆಯಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾಗಿಟ್ಟರೆ ನಾಲ್ಕೈದು ವರ್ಷ ಮೊಳೆಯುವ ಶಕ್ತಿ ಇರುತ್ತದೆ.